ಮಾಮುವಿನ ಹನ್ನೆರಡು ರೂಪಾಯಿ

ನಮ್ಮ ರಾಯಲ್ಪಾಡು ಶ್ರೀನಿವಾಸಪುರ ತಾಲ್ಲೂಕಿನ ಅಂಚಿನಲ್ಲಿದೆ. ಇನ್ನೊಂದಿಷ್ಟು ದೂರ ಹೋದರೆ ಆಂಧ್ರ. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ತೆಲುಗು, ಹೈಸ್ಕೂಲಿನಲ್ಲಿ ಮತ್ತು ಅರ್ಜಿ ಬರೆಯುವಾಗ ಕನ್ನಡ, ಹೀಗೆ ಮೂರು ಭಾಷೆಗಳ ನಡುವೆ ಬೆಳೆದವರು ನಾವು. ಕರ್ಜ್, ಅಪ್ಪು, ಸಾಲ ಎಂಬ ಮಾತುಗಳು ಮೂರೂ ಭಾಷೆಗಳಲ್ಲಿ ನಮಗೆ ಬಹಳ ಬೇಗ ಗೊತ್ತಾದವು. ವಿಮೆ ಎಂಬ ಮಾತು ಮಾತ್ರ ಯಾವ ಭಾಷೆಯಲ್ಲೂ ನಮ್ಮ ಬೀದಿಗೆ ಬಂದಿರಲಿಲ್ಲ. ಅದನ್ನು ತಂದವರು ನಮ್ಮ ಮಾಮು, ಅಂದರೆ ಅಮ್ಮಿಯ ತಮ್ಮ.

ಮಾಮು ಎಸ್ಸೆಸ್ಸೆಲ್ಸಿಯಲ್ಲಿ ನಪಾಸಾದವರು. ಎಂಬತ್ತರ ದಶಕದಲ್ಲಿ ಒಂದು ಬ್ಯಾಂಕಿನ ಪಿಗ್ಮಿ ಏಜೆಂಟರಾಗಿ ಸೇರಿದರು. ಹೆಗಲಿಗೊಂದು ಚೀಲ, ಹಳೆಯ ಸೈಕಲ್ಲು. ದಿನವೂ ಚಹಾದಂಗಡಿ, ಮಟನ್ ಅಂಗಡಿ, ಹೂವಿನವಳ ಬುಟ್ಟಿ, ಎಲ್ಲ ಕಡೆಯೂ ನಿಂತು ಒಂದು ರೂಪಾಯಿ, ಎರಡು ರೂಪಾಯಿ ಪಡೆದು ಪುಸ್ತಕದಲ್ಲಿ ಬರೆದುಕೊಡುತ್ತಿದ್ದರು. ನೆಂಟರು ಅವರನ್ನು 'ಬ್ಯಾಂಕ್ ಸಾಹೇಬ್' ಎಂದು ಹಾಸ್ಯ ಮಾಡುತ್ತಿದ್ದರು. ಅವರಿಗೆ ಸಂಬಳವಿರಲಿಲ್ಲ, ಕಮಿಷನ್ ಮಾತ್ರ. ಹೆಣ್ಣು ಕೊಡುವವರು ಕೂಡ ಇದೆಂತಹ ನೌಕರಿ ಎಂದು ಕೇಳುತ್ತಿದ್ದರು.

ಆ ನೌಕರಿಗೆ ನಮ್ಮ ನಾಡಿನಲ್ಲಿ ದೊಡ್ಡ ಚರಿತ್ರೆಯೇ ಇದೆ ಎಂಬುದು ನಮಗೆ ಗೊತ್ತಾದದ್ದು ಬಹಳ ತಡವಾಗಿ. ಮನೆ ಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸುವ ಪಿಗ್ಮಿ ಯೋಜನೆ 1928ರಲ್ಲಿ ಆರಂಭವಾದದ್ದು ಉಡುಪಿಯಲ್ಲಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ ಅದನ್ನು ತಂದಿತು. ಅದಕ್ಕೂ ಮೊದಲು, 1906ರಲ್ಲಿ, ಅದೇ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು ಗೆಳೆಯರೊಡನೆ ಸೇರಿ 5000 ರೂಪಾಯಿ ಬಂಡವಾಳದಲ್ಲಿ ಒಂದು ಬ್ಯಾಂಕು ತೆರೆದಿದ್ದರು. ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎಂದು ದೇಶಕ್ಕೆ ಪರಿಚಯವಾದದ್ದು ಅದೇ. ಇವೆರಡೂ ಬ್ಯಾಂಕುಗಳು 2020ರ ಏಪ್ರಿಲ್ 1ರಂದು ದೊಡ್ಡ ಬ್ಯಾಂಕುಗಳಲ್ಲಿ ವಿಲೀನವಾಗಿ ಹೆಸರು ಕಳೆದುಕೊಂಡವು. ಮಾಮುವಿನಂತಹವರು ಈ ಚರಿತ್ರೆಯನ್ನು ಓದಿದವರಲ್ಲ, ಸೈಕಲ್ಲಿನ ಮೇಲೆ ಹೊತ್ತು ತಿರುಗಿದವರು.

ತೊಂಬತ್ತರ ದಶಕದಲ್ಲಿ ಮಹಿಳೆಯರ ಸ್ವಸಹಾಯ ಗುಂಪುಗಳು ಬಂದವು. ಆಗಿನ ನಮ್ಮ ಜಿಲ್ಲೆಯ ಕಾಮಸಮುದ್ರದ ಕಡೆ ಮೈರಾಡ ಸಂಸ್ಥೆ ಇಂತಹ ಗುಂಪುಗಳನ್ನು ಮೊದಲೇ ಕಟ್ಟಿತ್ತು. 1992ರಲ್ಲಿ ನಬಾರ್ಡ್ ಈ ಗುಂಪುಗಳನ್ನು ಬ್ಯಾಂಕಿನೊಡನೆ ಜೋಡಿಸುವ ಪ್ರಯೋಗ ಆರಂಭಿಸಿತು. 2000ದಲ್ಲಿ ಸರಕಾರದ ಸ್ತ್ರೀಶಕ್ತಿ ಗುಂಪುಗಳೂ ಬಂದವು. ಹೆಬ್ಬೆಟ್ಟು ಒತ್ತುವ ಹೆಂಗಸರ ಗುಂಪುಗಳಿಗೆ ಲೆಕ್ಕ ಬರೆದುಕೊಡುವವರು ಬೇಕಲ್ಲ, ಆ ಕೆಲಸವೂ ಮಾಮುವಿನ ಪಾಲಿಗೆ ಬಂತು. ನಮ್ಮ ಓಣಿಯ ಪರ್ದಾದ ಹೆಂಗಸರು ಬಾಗಿಲ ಹಿಂದಿನಿಂದಲೇ ಕೈ ಚಾಚಿ ವಾರದ ಹಣ ಕೊಡುತ್ತಿದ್ದುದು ನಮಗೆ ಚೆನ್ನಾಗಿ ನೆನಪಿದೆ. ಗಂಡನಿಗೂ ಗೊತ್ತಿಲ್ಲದ ಹಣ ಮಾಮುವಿಗೆ ಗೊತ್ತಿರುತ್ತಿತ್ತು. 'ಇದು ಅಮಾನತ್, ಬೇಟಾ' ಎಂದು ಹೇಳಿ ಅವರು ಆ ಲೆಕ್ಕದ ಪುಸ್ತಕವನ್ನು ನಮಗೂ ಮುಟ್ಟಗೊಡುತ್ತಿರಲಿಲ್ಲ.

ಅನಂತರ ಬಂದದ್ದು ಕಿರುಸಾಲದ ಕಂಪನಿಗಳ ಕಾಲ. ಬ್ಯಾಂಕಿಗೆ ನಾವು ನಡೆದು ಹೋಗಬೇಕಿತ್ತು, ಈ ಸಾಲ ತಾನೇ ನಡೆದು ಬಂತು. ಒಂದೇ ಮನೆಯಲ್ಲಿ ನಾಲ್ಕು ಕಂಪನಿಗಳ ಸಾಲ, ಒಂದರ ಕಂತಿಗೆ ಇನ್ನೊಂದು. 2009ರಲ್ಲಿ ಕೋಲಾರ, ರಾಮನಗರದಂತಹ ರೇಷ್ಮೆಯ ಊರುಗಳಲ್ಲಿ ಅಂಜುಮನ್‌ಗಳೇ ಮುಂದೆ ಬಂದು ಈ ಕಂಪನಿಗಳ ವ್ಯವಹಾರ ಬೇಡ ಎಂದವು. ಕಂತು ನಿಂತಿತು. ಪತ್ರಿಕೆಗಳು ಬರೆದವು. ಮರುವರ್ಷ ಅಕ್ಟೋಬರಿನಲ್ಲಿ ಗಡಿಯಾಚೆ ಆಂಧ್ರ ಸರಕಾರ ಸುಗ್ರೀವಾಜ್ಞೆ ತಂದಿತು.

ನಾವು ಆಗ ಯುವಕರು, ಅಂಜುಮನ್ ಸರಿಯಾದದ್ದನ್ನೇ ಮಾಡಿತು ಎಂದು ವಾದಿಸಿದೆವು. ಮಾಮು ಹೇಳಿದ್ದು ಇಷ್ಟು: 'ಕಟ್ಟಬೇಡಿ ಎನ್ನುವುದು ಸುಲಭ. ನಾಳೆ ಮಗುವಿಗೆ ಜ್ವರ ಬಂದರೆ ಆ ಹೆಂಗಸು ಯಾರ ಮನೆಗೆ ಹೋಗಬೇಕು ಎಂಬುದನ್ನೂ ಹೇಳಬೇಕಲ್ಲ.' ಬಡವರು ಸಾಲ ಮಾಡುವುದು ಆಸೆಗಲ್ಲ, ಏನಾದರೂ ಬಿದ್ದಾಗ ಎಂಬುದು ಅವರ ಅನುಭವದ ಮಾತು. ಬೀಳುವ ಮೊದಲೇ ಕೈಯಲ್ಲಿ ಸ್ವಲ್ಪ ಇದ್ದರೆ ಅರ್ಧ ಸಾಲ ಬೇಕಾಗುವುದಿಲ್ಲ ಎನ್ನುತ್ತಿದ್ದರು.

2014ರಲ್ಲಿ ಜನಧನ ಖಾತೆಗಳು ಬಂದಾಗ ಮಾಮು ಬ್ಯಾಂಕ್ ಮಿತ್ರರಾದರು. ಸೈಕಲ್ಲಿನ ಚೀಲದಲ್ಲಿ ಈಗ ಬೆರಳಚ್ಚಿನ ಯಂತ್ರ. ಹುಣಸೆಹಣ್ಣು ಕುಟ್ಟಿ ಸವೆದ ಬೆರಳುಗಳನ್ನು ಆ ಯಂತ್ರ ಗುರುತಿಸುತ್ತಿರಲಿಲ್ಲ. ಮಾಮು ಅವರ ಬೆರಳನ್ನು ಒರೆಸಿ ಒರೆಸಿ ಮತ್ತೆ ಇಡಿಸುತ್ತಿದ್ದರು. 2015ರ ಮೇ ತಿಂಗಳಲ್ಲಿ ಎರಡು ವಿಮೆಗಳು ಬಂದವು. ವರ್ಷಕ್ಕೆ 12 ರೂಪಾಯಿಯದು ಸುರಕ್ಷಾ ಬಿಮಾ, ಅಪಘಾತದಲ್ಲಿ ಸತ್ತರೆ 2 ಲಕ್ಷ. 330 ರೂಪಾಯಿಯದು ಜೀವನ ಜ್ಯೋತಿ, ಯಾವ ಕಾರಣದಿಂದ ಸತ್ತರೂ 2 ಲಕ್ಷ. ಎರಡನೆಯದಕ್ಕೆ ಸೇರುವ ವಯಸ್ಸು ಐವತ್ತಕ್ಕೆ ಮುಗಿಯುತ್ತಿತ್ತು, ಮಾಮು ಅದನ್ನು ಆಗಲೇ ದಾಟಿದ್ದರು. ತಮಗೆ ಸಿಗದ್ದನ್ನು ಊರಿಗೆಲ್ಲ ಕೊಡಿಸಲು ಹೊರಟರು.

ಓಣಿಯಲ್ಲಿ ವಾದ ಎದ್ದಿತು. ಇದು ಜೂಜಲ್ಲವೇ, ಬಡ್ಡಿಯಲ್ಲವೇ, ಸಾವಿನ ಮೇಲೆ ಪಂದ್ಯ ಕಟ್ಟುವುದೇ? ಕೇಳಿದವರಲ್ಲಿ ನಾವೂ ಒಬ್ಬರು. ಜೆದ್ದಾದ ಫಿಕ್ಹ್ ಅಕಾಡೆಮಿ 1985ರಲ್ಲಿಯೇ ವ್ಯಾಪಾರಿ ವಿಮೆ ಬೇಡ, ಪರಸ್ಪರ ಸಹಕಾರದ ವಿಮೆ ಆಗಬಹುದು ಎಂದಿದ್ದನ್ನು ಓದಿಕೊಂಡು ಬಂದು ಅವರ ಮುಂದಿಟ್ಟೆವು. ಮಾಮು ಶಾಂತವಾಗಿ ಕೇಳಿದರು. 'ನಾನು ಮುಫ್ತಿಯಲ್ಲ, ತಿಳಿದವರು ತೀರ್ಮಾನಿಸಲಿ. ಮನೆಯವನು ಹೋದರೆ ಜಮಾತಿನವರು ಮೂರು ದಿನ ಊಟ ಕಳಿಸುತ್ತಾರೆ. ನಾಲ್ಕನೆಯ ದಿನದ ಊಟ ಯಾರದು, ಹೇಳು' ಎಂದರು. ನಮ್ಮ ಬಳಿ ಉತ್ತರವಿರಲಿಲ್ಲ.

ನಮ್ಮ ತಂಗಿಯ ಗಂಡ ಮಾವಿನ ತೋಟಗಳಲ್ಲಿ ಕಾಯಿ ಕೀಳುವ ಕೆಲಸ ಮಾಡುತ್ತಿದ್ದ. ಶ್ರೀನಿವಾಸಪುರ ಎಂದರೆ ಮಾವು ಎಂಬುದು ಓದುಗರಿಗೆ ಗೊತ್ತೇ ಇದೆ. ಬಾದಾಮಿ, ತೋತಾಪುರಿ ಇಲ್ಲಿಂದಲೇ ಲಾರಿಗಟ್ಟಲೆ ಹೋಗುತ್ತವೆ. ದೋಟಿಗೆ ಸಿಗದ ಕಾಯಿಗೆ ಮರ ಹತ್ತಲೇಬೇಕು. ಮಾಮು ಅವನಿಂದ 12 ರೂಪಾಯಿಯ ಫಾರಂಗೆ ಸಹಿ ಹಾಕಿಸಿದರು. 330ರದ್ದಕ್ಕೂ ಹಾಕು ಎಂದಾಗ ಅವನು ನಮ್ಮ ಮುಖ ನೋಡಿದ. ಮುಂದಿನ ವರ್ಷ ನೋಡೋಣ ಎಂದದ್ದು ನಾವು.

2018ರ ಜೂನ್‌ನಲ್ಲಿ ಒಂದು ಬೆಳಿಗ್ಗೆ ಅವನು ಮರದಿಂದ ಬಿದ್ದ. ಬಿದ್ದಲ್ಲಿಯೇ ಪ್ರಾಣ ಹೋಗಿತ್ತು. ತೋಟದವರು ಗೂಡ್ಸ್ ಆಟೋದಲ್ಲಿ ಮಯ್ಯತ್‌ನ್ನು ನೇರವಾಗಿ ಮನೆಗೇ ತಂದರು. ತಂಗಿಯ ಅಳು, ಸಣ್ಣ ಮಕ್ಕಳು, ಸೇರಿದ ಜನ. ಆಗ ಮಾಮು ನಮ್ಮನ್ನು ಪಕ್ಕಕ್ಕೆ ಕರೆದರು. 'ಶ್ರೀನಿವಾಸಪುರದ ಆಸ್ಪತ್ರೆಗೆ ಒಯ್ಯೋಣ ಬೇಟಾ, ಡಾಕ್ಟರು ನೋಡಿ ಬರೆದುಕೊಡಲಿ' ಎಂದರು. ಆಸ್ಪತ್ರೆ ಎಂದರೆ ಪೊಲೀಸು, ಪೋಸ್ಟ್‌ಮಾರ್ಟಂ. ದೇಹ ಕೊಯ್ಯುತ್ತಾರೆ, ದಫನ್ ಮರುದಿನಕ್ಕೆ ಹೋಗುತ್ತದೆ. ಹಿರಿಯರು ಆಗಲೇ ಅಸರ್‌ಗೆ ಮುಂಚೆ ಮುಗಿಸೋಣ ಎಂದು ಹೇಳಿಯಾಗಿತ್ತು. ಓದಿದವರು ಎಂದು ಎಲ್ಲರೂ ನಮ್ಮ ಕಡೆ ನೋಡುತ್ತಿದ್ದರು. ನಾವು ಮಾಮುವಿಗೆ, 'ಇಂಥ ಹೊತ್ತಿನಲ್ಲೂ ನಿಮಗೆ ಕಾಗದದ ಚಿಂತೆಯೇ?' ಎಂದು ಗಟ್ಟಿಯಾಗಿಯೇ ಹೇಳಿದೆವು. ಅವರು ಮರುಮಾತಾಡಲಿಲ್ಲ. ಅಸರ್‌ಗೆ ಮುಂಚೆ ಮಣ್ಣು ಕೊಟ್ಟು ಬಂದೆವು.

ತಿಂಗಳೊಳಗೆ ಮಾಮುವೇ ಅರ್ಜಿ ತುಂಬಿದರು. ಪಂಚಾಯಿತಿಯ ಮರಣ ಪತ್ರದಲ್ಲಿ ತಾರೀಖು ಇತ್ತು, ಕಾರಣ ಇರಲಿಲ್ಲ. ಈ ವಿಮೆಯ ನಿಯಮಗಳ ಪ್ರಶ್ನೋತ್ತರದಲ್ಲಿ ಹಾವು ಕಚ್ಚುವುದು, ಮರದಿಂದ ಬೀಳುವುದು ಎಂದು ಹೆಸರು ಹಿಡಿದೇ ಬರೆದಿದ್ದಾರೆ. ಇವಕ್ಕೆ ಪೊಲೀಸ್ ದೂರು ಕೂಡ ಕಡ್ಡಾಯವಲ್ಲ, ಆ ಕೂಡಲೇ ಪಡೆದ ಆಸ್ಪತ್ರೆಯ ದಾಖಲೆ ಇರಬೇಕು ಅಷ್ಟೆ. ನಮ್ಮ ಬಳಿ ಇಲ್ಲದಿದ್ದದ್ದು ಅದೊಂದೇ. ಅರ್ಜಿ ಹಿಂದಿರುಗಿತು. ಯಾರನ್ನೂ ದೂರುವಂತಿರಲಿಲ್ಲ, ಮಾವಿನ ಸೀಮೆಯ ಸಾವನ್ನು ನಿಯಮ ಬರೆದವರು ನೆನಪಿಟ್ಟಿದ್ದರು. ಮರೆತವರು ನಾವು.

ತಂಗಿ ಹೊಲಿಗೆ ಯಂತ್ರ ಕೊಳ್ಳಲು ಕಿರುಸಾಲ ತೆಗೆದಳು. ಆ ಸಾಲಕ್ಕೆ ಯಾವ ಆಸ್ಪತ್ರೆಯ ಕಾಗದವೂ ಬೇಕಾಗಲಿಲ್ಲ, ಮೂರೇ ದಿನಗಳಲ್ಲಿ ಮನೆಗೆ ಬಂತು. ಕೈಗೆ ಕೊಡುವ ಮೊದಲೇ ವಿಮೆಯ ಹಣ ಹಿಡಿದುಕೊಂಡಿದ್ದರು. ಅವಳು ಸತ್ತರೆ ಬಾಕಿ ಸಾಲ ತೀರಲೆಂದು ಮಾಡಿಸುವ ವಿಮೆ ಅದು. ಬಡವರ ಮನೆಯಲ್ಲಿ ಸಾಲಕ್ಕೆ ವಿಮೆ ತಪ್ಪದೆ ಇರುತ್ತದೆ, ದುಡಿಯುವ ಮನುಷ್ಯನಿಗೆ ಇರುವುದಿಲ್ಲ. ಸಾಲಕ್ಕೆ ಬಾಗಿಲು ತಟ್ಟುವವರು ಬಹಳ ಜನ. ವಿಮೆಗಾಗಿ ತಟ್ಟುವವರು ನಮ್ಮ ಊರಿನಲ್ಲಿ ಮಾಮು ಒಬ್ಬರೇ ಇದ್ದರು. 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರಕಾರ ಸಾಲ ವಸೂಲಿಯ ಕಿರುಕುಳದ ವಿರುದ್ಧ ಸುಗ್ರೀವಾಜ್ಞೆ ತಂದಿತು, ಒಳ್ಳೆಯದೇ. ಆದರೆ ಕಾನೂನು ವಸೂಲಿಗಾರನನ್ನು ಬಾಗಿಲಲ್ಲಿ ತಡೆಯಬಹುದು, ಮಾಮು ಮಾಡುತ್ತಿದ್ದ ಕೆಲಸವನ್ನು ಅದು ಮಾಡಲಾರದು.

ಮಾಮು 2021ರಲ್ಲಿ ಕೊರೊನಾದ ಎರಡನೆಯ ಅಲೆಯಲ್ಲಿ ತೀರಿಕೊಂಡರು. ಅವರಿಗೆ ವಿಮೆಯ ಹಣವೇನೂ ಬರಲಿಲ್ಲ. ಅವರ ಚೀಲದಲ್ಲಿ ಒಂದು ನೋಟ್‌ಬುಕ್ ಇತ್ತು. ಪುಟ ಪುಟವೂ ಉರ್ದುವಿನಲ್ಲಿ ಬರೆದ ಹೆಸರುಗಳು: ಹಿಂದೂಗಳು, ಮುಸಲ್ಮಾನರು, ಆಂಧ್ರದ ಕಡೆಯಿಂದ ಬಂದ ಕೂಲಿಯವರು. ಯಾರ ಖಾತೆಯಲ್ಲಿ ಮೇ ಕೊನೆಗೆ ಹಣ ಇಲ್ಲ, ಯಾರ ನಾಮಿನಿ ಸತ್ತುಹೋಗಿದ್ದಾರೆ, ಎಲ್ಲವೂ ಅದರಲ್ಲಿತ್ತು. ತಂಗಿಯ ಗಂಡನ ಹೆಸರಿನ ಮುಂದೆ ಎರಡೇ ಮಾತು ಬರೆದಿದ್ದರು: 'ಪೆಹಲೇ ದವಾಖಾನಾ.' ನಮ್ಮ ಮೇಲೆ ಒಂದು ಅಕ್ಷರವೂ ಇರಲಿಲ್ಲ. ತಂಗಿಯೂ ಈವರೆಗೆ ಆ ಮಧ್ಯಾಹ್ನದ ಬಗ್ಗೆ ನಮ್ಮನ್ನು ಕೇಳಿಲ್ಲ. ಕೇಳಿದ್ದರೆ ಸ್ವಲ್ಪ ಹಗುರವಾಗುತ್ತಿತ್ತೇನೋ.

12 ರೂಪಾಯಿಯದು 2022ರ ಜೂನ್‌ನಿಂದ 20 ರೂಪಾಯಿಯಾಗಿದೆ, 330ರದ್ದು 436. ಮೇ 25ರಿಂದ ತಿಂಗಳ ಕೊನೆಯೊಳಗೆ ಬ್ಯಾಂಕು ಖಾತೆಯಿಂದ ಹಣ ಹಿಡಿಯುತ್ತದೆ, ಅಲ್ಲಿ ಹಣವಿಲ್ಲದಿದ್ದರೆ ಸದ್ದಿಲ್ಲದೆ ವಿಮೆ ನಿಂತುಹೋಗುತ್ತದೆ. ಅದಕ್ಕೇ ಪ್ರತಿ ಮೇ ತಿಂಗಳು ನಾವು ಆ ನೋಟ್‌ಬುಕ್ ಹಿಡಿದು ಮನೆ ಮನೆಗೆ ಹೋಗುತ್ತೇವೆ. ನಮಗೆ ಮಾಮುವಿನ ಸಹನೆ ಇಲ್ಲ, ಎರಡು ಸಲ ಕೇಳಿದರೆ ಸಿಟ್ಟು ಬರುತ್ತದೆ. ಆಗ ಜೊತೆಗಿರುವ ತಂಗಿಯೇ ಮಾತು ಮುಂದುವರಿಸುತ್ತಾಳೆ. ಅವಳಿಗೀಗ ಎರಡೂ ವಿಮೆ ಇವೆ.

ಹೋದ ವರ್ಷ ಮಸೀದಿಯ ಬೋರ್ಡಿನಲ್ಲಿ ಒಂದು ಕಾಗದ ಅಂಟಿಸಲು ಜಮಾತಿನವರು ಒಪ್ಪಿದರು. ಅಪಘಾತದಲ್ಲಿ ಯಾರಾದರೂ ತೀರಿಕೊಂಡರೆ ಮೊದಲು ಆಸ್ಪತ್ರೆ, ಆಮೇಲೆ ಖಬರಸ್ತಾನ ಎಂದು ಅದರಲ್ಲಿದೆ. ಉರ್ದು, ಕನ್ನಡ ನಾವೇ ಬರೆದೆವು. ತೆಲುಗು ಮಾತಾಡಲು ಬರುತ್ತದೆ, ಬರೆಯಲು ಬಾರದು. ಅದನ್ನು ಪಕ್ಕದ ಓಣಿಯ ರೆಡ್ಡಿಯವರ ಹುಡುಗ ಬಂದು ಬರೆದುಕೊಟ್ಟ.