ಯಾವುದನ್ನು ಎಲ್ಲಿಡಬೇಕು?

ನಮ್ಮ ಅವ್ವನಿಗೆ ಅಕ್ಷರ ಬಾರದು. ಆದರೆ ಯಾಪಲದಿನ್ನಿಯ ನಮ್ಮ ಮನೆಯಲ್ಲಿ ಬೆಂಕಿಪೊಟ್ಟಣ ಯಾವ ಗೂಡಿನಲ್ಲಿದೆಯೆಂಬುದು ಕತ್ತಲೆಯಲ್ಲಿಯೂ ಅವಳ ಕೈಗೆ ಗೊತ್ತು. “ನಾ ಇಟ್ಟಲ್ಲಿ ನೀ ಯಾಕ ಕೈ ಹಾಕ್ತಿ?” ಎಂದು ಅವಳು ಗದರಿದಾಗಲೆಲ್ಲ ನಾನು ನಗುತ್ತಿದ್ದೆ. ಹೋದ ವರ್ಷ ಆ ನಗು ಅಡಗಿತು.

ಸೋದರಮಾವ ಕೊಡಿಸಿದ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿಕೊಂಡಿದ್ದೆ. ಅದರಲ್ಲಿದ್ದ ಬರವಣಿಗೆಯ ತಂತ್ರಾಂಶ ಹಳತೆನಿಸಿ, ಹೊಸದನ್ನು ಇಳಿಸಿಕೊಂಡು, ಅಡ್ಮಿನ್ ಪಾಸ್‌ವರ್ಡ್ ಕೊಟ್ಟು, ‘ಯುಎಸ್‌ಆರ್’ ಎಂಬ ಕಡತಕೋಶದಲ್ಲಿದ್ದ ಹಳೆಯ ಕಡತಗಳ ಮೇಲೆಯೇ ಸುರಿದೆ. ನಡೆಯಿತು! ನನ್ನಂಥ ಜಾಣನಿಲ್ಲವೆಂದುಕೊಂಡೆ. ಹದಿನೈದು ದಿನಗಳ ಮೇಲೆ ವ್ಯವಸ್ಥೆಯನ್ನು ನವೀಕರಿಸಿದಾಗ ಅದು ತನ್ನ ಕಡತಗಳನ್ನು ತನ್ನ ಜಾಗದಲ್ಲಿ ಮರಳಿ ಇಟ್ಟಿತು. ಅರ್ಧ ಅದರದು, ಅರ್ಧ ನನ್ನದು. ತಂತ್ರಾಂಶ ತೆರೆಯಲೇ ಇಲ್ಲ. ತೀರಿಹೋದ ಅಜ್ಜಿಯ ಬಾಯಿಂದ ಕೇಳಿ ಬರೆದುಕೊಂಡ ಬೀಸುವ ಪದಗಳನ್ನು ನಾನು ಅದರಲ್ಲಿಯೇ ಬೆರಳಚ್ಚು ಮಾಡಿದ್ದೆ. ನೋಟುಬುಕ್ಕೋ, ಮಳೆಗೆ ನೆಂದು ಹಾಳಾಗಿತ್ತು. ಆ ರಾತ್ರಿ ನಾನು ಉಣ್ಣಲಿಲ್ಲ.

ಆಮೇಲೆ ಓದಲು ಕುಳಿತೆ. ಲಿನಕ್ಸ್ ಕಟ್ಟುವವರು 1994ರಲ್ಲಿಯೇ ಕಡತಗಳ ಜಾಗಕ್ಕೊಂದು ಕಟ್ಟಳೆ ಬರೆದಿದ್ದರು, ಅದರ 3.0 ಆವೃತ್ತಿ ಬಂದದ್ದು 2015ರಲ್ಲಿ. ‘ಯುಎಸ್‌ಆರ್’ ವ್ಯವಸ್ಥೆಯ ಸ್ವಂತ ಉಗ್ರಾಣ. ಅಲ್ಲಿ ಇಡುವ, ತೆಗೆಯುವ ಅಧಿಕಾರ ಪ್ಯಾಕೇಜ್ ಮ್ಯಾನೇಜರಿನದು. ನಾವು ಕೈಯಾರೆ ತಂದುದಕ್ಕೆ ಅದರೊಳಗೇ ‘ಲೋಕಲ್’ ಎಂಬ ಬೇರೆ ಕೋಣೆಯುಂಟು. ನವೀಕರಣವು ಅದನ್ನು ಮುಟ್ಟಬಾರದೆಂದು ನಿಯಮ. ‘ಆಪ್ಟ್’ ಎಂಬುದು ಒಲೆ, ಪಾತ್ರೆ ಸಮೇತ ಬರುವ ಬಾಡಿಗೆದಾರರ ಜಾಗ. ಲಿಬ್ರೆಆಫೀಸನ್ನು ಅದರ ಪ್ರತಿಷ್ಠಾನದಿಂದಲೇ ಪ್ಯಾಕೇಜಾಗಿ ತಂದು ಹಾಕಿದರೆ ಅದು ಬಿಡಾರ ಹೂಡುವುದು ಇಲ್ಲಿಯೇ.

ಪಾಸ್‌ವರ್ಡ್ ಇಲ್ಲದವನು ಏನು ಮಾಡಬೇಕು? ಮತ್ತೊಂದು ಕಟ್ಟಳೆಯ ಪ್ರಕಾರ ಅವನ ‘ಹೋಮ್’ ಕೋಶದಲ್ಲಿಯೇ, ಹೆಸರಿನ ಮೊದಲು ಚುಕ್ಕೆಯಿರುವ ಇನ್ನೊಂದು ‘ಲೋಕಲ್’ ಇದೆ. ಆ ಚುಕ್ಕೆಯ ದೆಸೆಯಿಂದ ಅದು ಸಾಮಾನ್ಯವಾಗಿ ಕಣ್ಣಿಗೆ ಬೀಳದು. ಅದರೊಳಗಿನ ‘ಶೇರ್’ನಲ್ಲಿ ‘ಫಾಂಟ್ಸ್’ ಎಂಬ ಕೋಶ ಮಾಡಿ ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳನ್ನು ಹಾಕಿಕೊಳ್ಳಬಹುದು. ‘ಅಪ್ಲಿಕೇಷನ್ಸ್’ ಕೋಶದಲ್ಲಿ ತಂತ್ರಾಂಶದ ವಿವರದ ಸಣ್ಣ ಚೀಟಿಯಂಥ ಕಡತವಿಟ್ಟರೆ ಅದರ ಹೆಸರು ಮೆನುವಿನಲ್ಲಿ ಕಾಣಿಸಿಕೊಳ್ಳುತ್ತದೆ. ಯಾರ ಅಪ್ಪಣೆಯೂ ಬೇಡ. ಕಂಪ್ಯೂಟರಿನ ಮುಂದೆ ಇನ್ನೊಬ್ಬರ ಮುಖ ನೋಡುತ್ತ ನಿಂತು ರೂಢಿಯಾದ ನನಗೆ ಇದು ಸಣ್ಣ ಮಾತಲ್ಲ!

ಅಜ್ಜಿಯ ಪದಗಳೇನಾದವೆಂದು ವಾಚಕರು ಕೇಳಬಹುದು. ಅವು ತಂತ್ರಾಂಶದೊಳಗೆ ಇರಲೇ ಇಲ್ಲ, ‘ಹೋಮ್’ನಲ್ಲಿ ಇದ್ದವು. ನಾನು ಕೆಡಿಸಿದ್ದು ಉಗ್ರಾಣವನ್ನು ಮಾತ್ರ. ಅಲ್ಲಿ ಸುರಿದುದನ್ನೆಲ್ಲ ಹುಡುಕಿ ತೆಗೆದು, ಹಳೆಯ ತಂತ್ರಾಂಶವನ್ನೇ ಮತ್ತೆ ಹಾಕಿ ತೆರೆದೆ. ಒಂದಕ್ಷರವೂ ಹೋಗಿರಲಿಲ್ಲ. ಅವ್ವನನ್ನು ಕರೆದು ಓದಿ ಹೇಳಿದೆ. ಎರಡನೆಯ ಪದದಲ್ಲಿ ಒಂದು ಸಾಲು ತಪ್ಪಾಗಿದೆಯೆಂದಳು.