ಹಳೇ ಫೈಲಿನಲ್ಲಿದ್ದ ರಸೀದಿ

"ಅಮ್ಮಾ, ನಾನು ಇನ್ಹೇಲರ್ ಬಿಟ್ಟಿದ್ದು ಎಷ್ಟನೇ ವಯಸ್ಸಲ್ಲಿ?"

ಮಗಳು ಫೋನಿನಲ್ಲಿ ಹೀಗೆ ಕೇಳಿದಾಗ ನಾನು ಸಾರಿನ ಒಗ್ಗರಣೆಗೆ ಸಾಸಿವೆ ಹಾಕಿದ್ದೆ. ಸಾಸಿವೆ ಸಿಡಿದು ಕರಟಿಯೇ ಹೋಯಿತು. ಯಾಕೆಂದರೆ ಅವಳು ಯಾತಕ್ಕೆ ಕೇಳುತ್ತಿದ್ದಾಳೆ ಅಂತ ನನಗೆ ಗೊತ್ತಿತ್ತು. "ನೆನಪಿಲ್ಲ ಕಣೆ, ನೋಡಿ ಹೇಳ್ತೀನಿ" ಅಂದೆ. ನೆನಪಿತ್ತು.

ನಾವು ಇರುವುದು ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ. ನಾನು ಅರಸೀಕೆರೆ ಹತ್ತಿರದ ಹಳ್ಳಿಯವಳು, ಮದುವೆಯಾಗಿ 1996ರಲ್ಲಿ ಇಲ್ಲಿಗೆ ಬಂದೆ. ಮಗಳು ಹುಟ್ಟಿದ್ದು ಮರುವರ್ಷ, ಇಲ್ಲೇ. ಕ್ಲಿನಿಕಲ್ ಸೈಕಾಲಜಿಯಲ್ಲಿ ಡಾಕ್ಟರೇಟ್ ಓದುತ್ತಿದ್ದಳು. ನಮ್ಮ ಕಡೆಯವರಿಗೆ ನಿಮ್ಹಾನ್ಸ್‌ನ ಎಂ.ಫಿಲ್ ಅಂದರೆ ಗೊತ್ತಾಗುತ್ತದೆ, ಇದು ಅದೇ ಸಾಲಿನ ಓದು. ಇಲ್ಲಿ ಪದವಿ ಕೈಗೆ ಬರುವ ಮುಂಚೆ ಒಂದು ಪೂರ್ತಿ ವರ್ಷ ಯಾವುದಾದರೂ ಆಸ್ಪತ್ರೆಯಲ್ಲೋ ಕ್ಲಿನಿಕ್‌ನಲ್ಲೋ ಇಂಟರ್ನ್‌ಶಿಪ್ ಮಾಡಲೇಬೇಕು. ಅದಕ್ಕೆ ಅರ್ಜಿ ಹಾಕುವುದೇ ಒಂದು ದೊಡ್ಡ ಯಾಗ. ಎಷ್ಟು ಗಂಟೆ ರೋಗಿಗಳ ಜೊತೆ ಕೂತಿದ್ದೀಯ, ಎಷ್ಟು ಪರೀಕ್ಷೆ ಮಾಡಿದ್ದೀಯ, ಎಷ್ಟು ವರದಿ ಬರೆದಿದ್ದೀಯ, ಎಲ್ಲಕ್ಕೂ ಲೆಕ್ಕ ಕೊಡಬೇಕು. ಶಿಫಾರಸು ಪತ್ರಗಳು ಬೇಕು. 500 ಪದದ ಮಿತಿಯಲ್ಲಿ ನಾಲ್ಕು ಪ್ರಬಂಧ ಬೇರೆ.

ಆಮೇಲೆ ನಡೆಯುವುದು ನಮ್ಮ ಜಾತಕ ಕೂಡಿಸುವ ಕೆಲಸದ ಹಾಗೆಯೇ. ಸಂದರ್ಶನ ಮುಗಿದ ಮೇಲೆ ಇವರು ತಮಗೆ ಬೇಕಾದ ಜಾಗಗಳನ್ನು ಒಂದು, ಎರಡು, ಮೂರು ಅಂತ ಬರೆದುಕೊಡುತ್ತಾರೆ. ಆ ಜಾಗದವರೂ ತಮಗೆ ಬೇಕಾದ ಹುಡುಗ ಹುಡುಗಿಯರನ್ನು ಹಾಗೇ ಬರೆದುಕೊಡುತ್ತಾರೆ. ಕಂಪ್ಯೂಟರ್ ಕೂಡಿಸುತ್ತದೆ. ಕೂಡಿದ ಮೇಲೆ "ನಂಗೆ ಈ ಸಂಬಂಧ ಬೇಡ" ಅನ್ನುವಂತಿಲ್ಲ, ಎರಡೂ ಕಡೆ. ಇದಕ್ಕೆ ಮ್ಯಾಚ್ ಅಂತಲೇ ಹೆಸರು. ನಮ್ಮ ಯಜಮಾನರು "ಶಾಸ್ತ್ರಿಗಳಿಗಿಂತ ವಾಸಿ, ದಕ್ಷಿಣೆ ಮಾತ್ರ ಡಾಲರಲ್ಲಿ" ಅಂತ ನಗೆಯಾಡಿದ್ದರು.

ನಗು ನಿಂತಿದ್ದು ಅವಳು ಅಮೆರಿಕದ ಸೇನಾ ಆಸ್ಪತ್ರೆಗಳಿಗೂ ಅರ್ಜಿ ಹಾಕ್ತೀನಿ ಅಂದ ದಿನ. ಸೇನೆಯ ಇಂಟರ್ನ್‌ಶಿಪ್ ಬೇರೆಯದರ ಹಾಗಲ್ಲ. ಆಯ್ಕೆಯಾದರೆ ಮೊದಲ ದಿನದಿಂದಲೇ ಯೂನಿಫಾರ್ಮ್, ಕ್ಯಾಪ್ಟನ್ ದರ್ಜೆ, ಅದರ ಪೂರ್ತಿ ಸಂಬಳ. ಬೇರೆ ಕಡೆ ಸಿಗುವ ಪುಡಿಗಾಸಿಗೆ ಹೋಲಿಸಿದರೆ ಅದು ಎಷ್ಟೋ ಹೆಚ್ಚು. ಆದರೆ ಆ ಒಂದು ವರ್ಷದ ಮೇಲೆ ಇನ್ನೂ ಕೆಲವು ವರ್ಷ ಸೇನೆಯಲ್ಲೇ ಇರಬೇಕು. ಎಲ್ಲಿಗೆ ಕಳಿಸಿದರೆ ಅಲ್ಲಿಗೆ.

"ಮಾಜಿ ಸೈನಿಕರ ಆಸ್ಪತ್ರೆಗಳಿವೆಯಲ್ಲ, ಅಲ್ಲೂ ಇದೇ ಕೆಲಸ ತಾನೆ? ಯೂನಿಫಾರ್ಮ್ ಇಲ್ಲ, ಗಡಿಬಿಡಿ ಇಲ್ಲ. ಅಲ್ಲಿಗೆ ಹಾಕು" ಅಂದೆ.

"ಅಲ್ಲಿಗೂ ಹಾಕ್ತಿದೀನಿ ಅಮ್ಮ. ಆದ್ರೆ ಎಷ್ಟೋ ಜನ ಅಲ್ಲಿಗೆ ಬರೋ ಹೊತ್ತಿಗೆ ಇಪ್ಪತ್ತು ವರ್ಷ ಆಗಿಹೋಗಿರತ್ತೆ. ಮಾಮನ ಥರ."

ಮಾಮ ಅಂದರೆ ನನ್ನ ಅಣ್ಣ. ನಮ್ಮ ಭಾರತದ ಸೇನೆಯಲ್ಲಿದ್ದವನು. 1987ರಿಂದ 1990ರವರೆಗೆ ನಮ್ಮ ಶಾಂತಿಪಾಲನಾ ಪಡೆ ಶ್ರೀಲಂಕಾದಲ್ಲಿತ್ತಲ್ಲ, ಅಣ್ಣ ಅಲ್ಲಿ ಸುಮಾರು ಎರಡು ವರ್ಷ ಇದ್ದ. ನೆಲದಲ್ಲಿ ಹೂತ ಬಾಂಬು ಹುಡುಕಿ ತೆಗೆಯುವ ಕೆಲಸ. ಆ ಪಡೆಯ ಸಾವಿರಕ್ಕೂ ಹೆಚ್ಚು ಯೋಧರು ವಾಪಸು ಬರಲಿಲ್ಲ, ಅಣ್ಣ ಬಂದ. ಕೈಕಾಲು ಎಲ್ಲ ನೆಟ್ಟಗಿತ್ತು. ಅವ್ವ ದೃಷ್ಟಿ ತೆಗೆದಳು, ಊರವರು ಹಾರ ಹಾಕಿದರು. ಆಮೇಲೆ ಅಣ್ಣ ಜಗಲಿ ಮೇಲೆ ಕೂತ. ಸೇನೆಯಿಂದ ಬಿಡುಗಡೆಯಾಗಿ ಊರಲ್ಲೇ ತೆಂಗಿನ ತೋಟ ನೋಡಿಕೊಂಡ, ಮದುವೆಯಾದ, ಎರಡು ಮಕ್ಕಳಾದವು. ಆದರೆ ತೋಟದಲ್ಲಿ ಕಾಲಿಡುವಾಗ ಮಾತ್ರ ಮೊದಲೇ ಬಿದ್ದ ಹೆಜ್ಜೆಯ ಗುರುತಿನ ಮೇಲೇ ಕಾಲಿಡುತ್ತಿದ್ದ. ನಾವು ಹುಡುಗರು ಅದನ್ನು ನೋಡಿ ನಗುತ್ತಿದ್ದೆವು. ನಾನೂ ನಕ್ಕಿದ್ದೇನೆ.

ಇನ್ಹೇಲರ್ ವಿಷಯಕ್ಕೆ ಬರುತ್ತೇನೆ. ಇಲ್ಲಿನ ಸೇನೆಯ ವೈದ್ಯಕೀಯ ನಿಯಮದಲ್ಲಿ, ಹದಿಮೂರನೇ ಹುಟ್ಟುಹಬ್ಬದ ಆಮೇಲೆ ಆಸ್ತಮಾ ಇತ್ತು ಅಂದರೆ ಸೇರುವುದಕ್ಕೆ ಅಡ್ಡಿ. ವಿಶೇಷ ವಿನಾಯಿತಿ ಕೇಳಬೇಕು. ಮಗಳಿಗೆ ಚಿಕ್ಕವಳಿದ್ದಾಗ ಗೂರಲು ಬರುತ್ತಿತ್ತು. ಎಲೆ ಉದುರುವ ಕಾಲ ಬಂತೆಂದರೆ ರಾತ್ರಿಯೆಲ್ಲ ಎದೆ ಸುಯ್ಯೆನ್ನುತ್ತಿತ್ತು. ದೊಡ್ಡವಳಾಗುತ್ತ ತಾನೇ ಹೋಯಿತು. ಆದರೆ ಯಾವಾಗ ಹೋಯಿತು ಅನ್ನುವುದಕ್ಕೆ ಕಾಗದ ಬೇಕಲ್ಲ? ಅವಳನ್ನು ನೋಡುತ್ತಿದ್ದ ಮಕ್ಕಳ ಡಾಕ್ಟರು ಎಂದೋ ಕ್ಲಿನಿಕ್ ಮುಚ್ಚಿ ಹೋಗಿದ್ದರು. ದಾಖಲೆ ಸಿಗದಿದ್ದರೆ ವಿನಾಯಿತಿಗೆ ಹೋಗಬೇಕಾಗುತ್ತದೆ, ಅದಕ್ಕೆ ತಿಂಗಳುಗಟ್ಟಲೆ ಹಿಡಿದರೆ ಈ ವರ್ಷದ ಮ್ಯಾಚ್ ಕೈತಪ್ಪುತ್ತದೆ ಅಂತ ಸೇನೆಯ ನೇಮಕಾತಿ ಅಧಿಕಾರಿ ಹೇಳಿದ್ದರಂತೆ.

ನಾನು ಕಾಗದ ಎಸೆಯುವವಳಲ್ಲ. ಬಂದ ಹೊಸದರಲ್ಲಿ ಕೊಂಡ ಮಿಕ್ಸಿಯ ರಸೀದಿ ಕೂಡ ಇಟ್ಟಿದ್ದೇನೆ, ಮನೆಯವರು ಆಡಿಕೊಳ್ಳುತ್ತಾರೆ. ಅವತ್ತು ರಾತ್ರಿ ನೆಲಮಾಳಿಗೆಗೆ ಹೋಗಿ ಹಳದಿ ಫೈಲು ತೆಗೆದೆ. ಹತ್ತು ನಿಮಿಷವೂ ಹಿಡಿಯಲಿಲ್ಲ. ಡಾಕ್ಟರ ಚೀಟಿ, ಅದಕ್ಕೆ ಪಿನ್ ಮಾಡಿದ ಔಷಧಿ ಅಂಗಡಿಯ ರಸೀದಿ. ಕೊನೆಯದು ನವೆಂಬರ್ 2009. ಆಗ ಅವಳಿಗೆ ಹನ್ನೆರಡೂವರೆ. ಅದರ ಹಿಂದೆಯೇ ಮರುವರ್ಷದ ತಪಾಸಣೆಯ ಹಾಳೆ, ಅದರಲ್ಲಿ ಡಾಕ್ಟರು ಉಸಿರಾಟ ಸರಿಯಾಗಿದೆ, ಔಷಧಿ ಬೇಕಿಲ್ಲ ಅಂತ ಬರೆದಿದ್ದರು.

ಅವಳಿಗೆ ಬೇಕಾದದ್ದು ಪೂರಾ ನನ್ನ ಕೈಯಲ್ಲಿತ್ತು. ಆ ಎರಡು ಕಾಗದವನ್ನು ಮಡಿಸಿ, ಬೀರುವಿನಲ್ಲಿ ನನ್ನ ಧಾರೆ ಸೀರೆಯ ಕೆಳಗಿಟ್ಟೆ.

ಈಗ ಬರೆಯುವಾಗ ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ. ನಾನೇನು ಸುಳ್ಳು ಹೇಳಿದೆನಾ? ಸಿಗಲಿಲ್ಲ ಅಂದರೆ ಸಿಗಲಿಲ್ಲ. ಹದಿನಾಲ್ಕು ವರ್ಷದ ಹಿಂದಿನ ಕಾಗದ ಯಾರ ಮನೆಯಲ್ಲಿರುತ್ತದೆ? ಅವಳು ಶನಿವಾರ ಬಂದಳು, ಕೇಳಿದಳು. "ಹುಡುಕ್ತಾ ಇದೀನಮ್ಮ" ಅಂದೆ. ಅವಳು ತಾನೇ ನೆಲಮಾಳಿಗೆಗೆ ಹೋಗಿ ಎರಡು ಗಂಟೆ ಹುಡುಕಿ, ಕೂದಲೆಲ್ಲ ಧೂಳು ಮಾಡಿಕೊಂಡು ಮೇಲೆ ಬಂದಳು. ನಾನು ಅಕ್ಕಿರೊಟ್ಟಿ ತಟ್ಟುತ್ತಿದ್ದೆ. ತಲೆ ಎತ್ತಲಿಲ್ಲ.

ನನ್ನ ಹೆದರಿಕೆ ಗುಂಡು ಬಾಂಬಿಗಷ್ಟೇ ಅಲ್ಲ, ಓಸಿಐ ಕಾರ್ಡಿಗೂ ಇತ್ತು. ವಿದೇಶಿ ಸೇನೆಯಲ್ಲಿ ಇರುವವರಿಗೆ, ಅಲ್ಲಿಂದ ನಿವೃತ್ತರಾದವರಿಗೂ ಸಹ, ಭಾರತ ಸರ್ಕಾರ ಓಸಿಐ ಕೊಡುವುದಿಲ್ಲ. ಮಗಳಿಗೆ ಚಿಕ್ಕಂದಿನಲ್ಲೇ ಮಾಡಿಸಿದ್ದೆವು. ಸೇನೆಗೆ ಸೇರಿದರೆ ಅದನ್ನು ಬಿಟ್ಟುಕೊಡೋದೇ ಸರಿ ಅಂತ ಅವಳು ನಿರ್ಧಾರ ಮಾಡಿಕೊಂಡೇ ಬಂದಿದ್ದಳು. ಊರಲ್ಲಿ ನಮ್ಮವ್ವನಿಗೆ ಎಂಬತ್ತನಾಲ್ಕು. ನಾಳೆ ಅವಳಿಗೆ ಏನಾದರೂ ಆದರೆ ಮೊಮ್ಮಗಳು ರಾತ್ರೋರಾತ್ರಿ ವಿಮಾನ ಹತ್ತುವ ಹಾಗಿಲ್ಲ. ವೀಸಾಕ್ಕೆ ಅರ್ಜಿ, ಸೇನೆಯ ಅನುಮತಿ ಅಂತ ಕಾಯಬೇಕು. ಬೇರೆ ಯಾರೋ ಹೋಗುವ ಹಾಗೆ ತನ್ನ ಅಜ್ಜಿಮನೆಗೆ ಹೋಗಬೇಕು. ಇದನ್ನು ನಾನು ಹೇಳಿದಾಗ ಅವಳು ಅತ್ತಳು. ಅತ್ತು, ಆಮೇಲೂ "ಹಾಕ್ತೀನಿ" ಅಂದಳು.

ಇನ್ನೊಂದು ಮಾತಿಗೂ ಜಗಳವಾಗಿತ್ತು. "ಗುಣ ಮಾಡಿ ಮತ್ತೆ ಅದೇ ಯುದ್ಧಕ್ಕೆ ಕಳಿಸೋದು ಯಾವ ಸೀಮೆ ವೈದ್ಯ ಕಣೆ?" ಅಂತ ನಾನು ಕೇಳಿದ್ದೆ. ಅವಳು ತಕ್ಷಣ ಉತ್ತರ ಕೊಡಲಿಲ್ಲ. "ಅದು ಸರಿಯಾದ ಪ್ರಶ್ನೆನೇ ಅಮ್ಮ" ಅಂದಳು ಅಷ್ಟೆ. ಇವತ್ತಿಗೂ ಆ ಪ್ರಶ್ನೆ ನನ್ನ ಹತ್ತಿರ ಹಾಗೇ ಇದೆ.

ಅದೇ ವಾರ ಅವಳು ತನ್ನ ಆತ್ಮಕಥೆಯ ಪ್ರಬಂಧ ಓದಲು ಕಳಿಸಿದಳು. ಅದರ ತುಂಬ ಅಣ್ಣನೇ ಇದ್ದ. ಹೆಸರಿರಲಿಲ್ಲ, ಆದರೆ ಜಗಲಿ, ತೋಟ, ಹೆಜ್ಜೆಗುರುತು ಎಲ್ಲ ಇತ್ತು. ಪ್ರತಿ ರಜೆಗೆ ಊರಿಗೆ ಹೋದಾಗ ಇವಳು ಎಷ್ಟು ನೋಡಿದ್ದಾಳಲ್ಲ ಅಂತ ಮೈ ಜುಮ್ಮೆಂದಿತು. ಮರುಕ್ಷಣ ಸಿಟ್ಟು ಬಂತು. ಮನೆಯ ವಿಷಯ ಯಾರ ಯಾರ ಮುಂದೋ ಇಡುವುದೇ? ಅವಳು, "ಮಾಮ ಬೇಡ ಅಂದ್ರೆ ಕಳಿಸಲ್ಲ. ನೀನೇ ಕೇಳು. ಹಾಗೇ ಮಾಮನ ಹುಟ್ಟಿದ ದಿನಾನೂ ಕೇಳು, ಇನ್ನೊಂದು ಫಾರ್ಮಿಗೆ ಬೇಕು" ಅಂದಳು. ಸೇನೆಯವರು ಹಿನ್ನೆಲೆ ವಿಚಾರಿಸುವ ಫಾರ್ಮಿನಲ್ಲಿ ಬೇರೆ ದೇಶದಲ್ಲಿರುವ ಹತ್ತಿರದವರ ವಿವರವೂ ಕೊಡಬೇಕು, ಅವರು ಅಲ್ಲಿನ ಸರ್ಕಾರದಲ್ಲೋ ಸೇನೆಯಲ್ಲೋ ಇದ್ದರಾ ಅಂತಲೂ. ಅಣ್ಣನಿಗೆ ಎರಡು ಹುಟ್ಟಿದ ದಿನ, ಅವ್ವ ಹೇಳುವುದೊಂದು, ಮೇಷ್ಟ್ರು ಬರೆಸಿದ ಜೂನ್ 1 ಇನ್ನೊಂದು. ಯಾವುದನ್ನು ಬರೆಯುವುದು ಅನ್ನುವುದೇ ಒಂದು ದೊಡ್ಡ ಪಂಚಾಯಿತಿಯಾಯಿತು.

ಫೋನು ಎತ್ತಿದ್ದು ಅತ್ತಿಗೆ. ವಿಷಯ ಹೇಳಿದೆ, ಹೇಗೆ ಹೇಳಿದೆನೋ. ಅತ್ತಿಗೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, "ಅಂದ್ರೆ ಇವಳು ಮಿಲಿಟ್ರಿಯವ್ರನ್ನ ಕೂರುಸ್ಕೊಂಡು ಮಾತಾಡ್ಸೋ ಡಾಕ್ಟ್ರಾಗ್ತಾಳ?"

"ಹೂಂ ಅತ್ತಿಗೆ."

"ಮೂವತ್ತು ವರ್ಸ ಆಯ್ತು ಕಣವ್ವ ನಾನು ಈ ಮನೆಗೆ ಬಂದು. ಒಂದಿನ ರಾತ್ರಿ ಪೂರ್ತಿ ನಿದ್ದೆ ಮಾಡಿದ್ದು ನಾ ಕಾಣೆ ಅವ್ರು. ಮೂರು ಸಲ ಎದ್ದು ಬಾಗ್ಲು ಚಿಲ್ಕ ನೋಡಿ ಬತ್ತಾರೆ. ಸುರೂನಲ್ಲಿ ನನ್ ಮೇಲೆ ಅನ್ಮಾನ ಅಂದ್ಕಂಡಿದ್ದೆ. ಎಷ್ಟ್ ಅತ್ತಿದೀನಿ ಗೊತ್ತಾ? ಆಗ ಯಾರಾರ ಒಬ್ರು ಕೂರುಸ್ಕೊಂಡು, ಇದು ಹಿಂಗೆ ಕಣಮ್ಮ ಅಂತ ಹೇಳಿದ್ದಿದ್ರೆ..."

ಮೂವತ್ತು ವರ್ಷದಲ್ಲಿ ಅತ್ತಿಗೆ ಇದನ್ನು ನನಗೆ ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ. ಊರಿಗೆ ಹೋದಾಗಲೆಲ್ಲ ಸೀರೆ, ಬಾದಾಮಿ, ಚಾಕಲೇಟು ಕೊಟ್ಟು ಬಂದಿದ್ದೆ.

ಆಮೇಲೆ ಅಣ್ಣ ಫೋನಿಗೆ ಬಂದ. ನಾನು ಮತ್ತೆ ಮೊದಲಿಂದ ಹೇಳಿದೆ. ಉಸಿರಿನ ಸದ್ದು ಮಾತ್ರ ಕೇಳುತ್ತಿತ್ತು. "ಬರೀಲಿ ಬಿಡು" ಅಂದ. ನಂತರ, "ಜೂನ್ ಒಂದೇ ಹಾಕು. ಸರ್ವೀಸ್ ಪುಸ್ತಕದಾಗೆ ಅದೇ ಐತೆ" ಅಂದ. ಇಟ್ಟುಬಿಟ್ಟ.

ಬೀರು ತೆಗೆದು ಕಾಗದ ತಂದು, ಮೊಬೈಲಿನಲ್ಲಿ ಫೋಟೊ ತೆಗೆದು ಮಗಳಿಗೆ ಕಳಿಸಿದೆ. ತಕ್ಷಣ ಫೋನು. "ಎಲ್ಲಿತ್ತಮ್ಮಾ ಇದು?!" ಕಿರುಚುತ್ತಿದ್ದಳು. ನಿಜ ಹೇಳಿದೆ. ಧಾರೆ ಸೀರೆಯ ಕೆಳಗೆ, ಹತ್ತು ದಿನದಿಂದ ಅಂತ. ಆ ಕಡೆ ಸದ್ದಿಲ್ಲ. ಅವಳು ಬೈಯಲಿಲ್ಲ, ಅದೇ ಕಷ್ಟವಾಯಿತು. "ಸರಿ ಅಮ್ಮ, ನಾಳೆ ಮಾತಾಡ್ತೀನಿ" ಅಂದಳು. ನಾಳೆ ಮಾತಾಡಲಿಲ್ಲ, ನಾಲ್ಕು ದಿನವಾದ ಮೇಲೆ ಮಾತಾಡಿದಳು, ಉಪ್ಪಿನಕಾಯಿಗೆ ಎಷ್ಟು ಮೆಂತ್ಯ ಹಾಕಬೇಕು ಅಂತ ಕೇಳಿಕೊಂಡು.

ವೈದ್ಯಕೀಯ ತಪಾಸಣೆ ನಮ್ಮ ಕೊಲಂಬಸ್‌ನಲ್ಲೇ ಇತ್ತು. ಕತ್ತಲಲ್ಲೇ ಎದ್ದು ನಾವೇ ಕಾರಿನಲ್ಲಿ ಬಿಟ್ಟುಬಂದೆವು. ಕಣ್ಣು, ಕಿವಿ, ರಕ್ತ ಎಲ್ಲ ನೋಡಿ, ಬಾತುಕೋಳಿ ಹಾಗೆ ಕುಕ್ಕರುಗಾಲಲ್ಲಿ ನಡೆಸಿದರಂತೆ. ಪಕ್ಕದ ಹುಡುಗರು ಉರುಳಿಬೀಳುತ್ತಿದ್ದರೆ ಇವಳು ಸಲೀಸಾಗಿ ನಡೆದಳಂತೆ. ಅಜ್ಜಿಮನೆಯ ಹಿತ್ತಲ ಕಕ್ಕಸಿನ ಅಭ್ಯಾಸ ಅಮೆರಿಕದ ಸೇನೆಯಲ್ಲಿ ಕೆಲಸಕ್ಕೆ ಬಂತು ಅಂತ ನಕ್ಕೆವು. ರಸೀದಿ ನೋಡಿದ ಡಾಕ್ಟರು, "ನಿಮ್ಮ ತಾಯಿ ಇದನ್ನು ಇಟ್ಟುಕೊಂಡಿದ್ದಾರಲ್ಲ!" ಅಂದರಂತೆ. ಅವಳು ಮುಂದೇನು ಹೇಳಿದಳೋ, ನಾನು ಕೇಳಲಿಲ್ಲ.

ಸಂದರ್ಶನಗಳು ಡಿಸೆಂಬರ್, ಜನವರಿಯಲ್ಲಿ. ಒಂದು ಕಡೆ, ನನ್ನ ಪ್ರಶ್ನೆಯನ್ನೇ ಇನ್ನೊಂದು ಥರ ಕೇಳಿದರಂತೆ, ನಿನ್ನ ಜವಾಬ್ದಾರಿ ಎದುರಿಗೆ ಕೂತ ಸೈನಿಕನಿಗೋ, ಅವನನ್ನು ಕಳಿಸಿದ ಸೇನೆಗೋ ಅಂತ. "ಏನಂದೆ?" ಅಂದೆ. "ನಮ್ಮಮ್ಮನೂ ಇದನ್ನೇ ಕೇಳ್ತಾರೆ, ನಾನಿನ್ನೂ ಅವರಿಗೆ ಉತ್ತರ ಕೊಟ್ಟಿಲ್ಲ ಅಂದೆ" ಅಂದಳು. ಇದನ್ನು ಕೇಳಿ ಹೆಮ್ಮೆಪಡಬೇಕೋ ಹೆದರಬೇಕೋ ಗೊತ್ತಾಗಲಿಲ್ಲ.

ಫೆಬ್ರವರಿ ಮೊದಲಲ್ಲಿ ಪಟ್ಟಿ ಕೊಡುವ ಹಿಂದಿನ ರಾತ್ರಿ ನಾನು ಕೇಳಿದ್ದೊಂದೇ, ಮೊದಲನೇ ಸಾಲಿನಲ್ಲಿ ಯಾವುದಿದೆ ಅಂತ. ಹೇಳಲಿಲ್ಲ. ಶುಕ್ರವಾರ ಬೆಳಿಗ್ಗೆ ಫಲಿತಾಂಶ ಬಂತು. ಟೆಕ್ಸಾಸಿನ ಸ್ಯಾನ್ ಆಂಟೋನಿಯೊ, ಸೇನೆಯ ಆಸ್ಪತ್ರೆ. ಮೊದಲನೇ ಸಾಲಿನಲ್ಲಿದ್ದದ್ದೇ ಅದು ಅಂತ ಆಮೇಲೆ ಗೊತ್ತಾಯಿತು. ನಾನು ದೇವರ ಮುಂದೆ ದೀಪ ಹಚ್ಚಿದೆ. ಏನು ಬೇಡಿಕೊಳ್ಳಬೇಕು ಅಂತ ತಿಳಿಯದೆ ಸುಮ್ಮನೆ ನಿಂತಿದ್ದೆ.

ಅವತ್ತೇ ಸಂಜೆ, ಅಂದರೆ ಊರಲ್ಲಿ ಬೆಳಗಿನ ಜಾವ, ವಿಡಿಯೋ ಕಾಲ್ ಮಾಡಿದೆವು. ಅಷ್ಟು ಹೊತ್ತಿಗೇ ಅಣ್ಣ ಜಗಲಿ ಮೇಲಿದ್ದ, ಕೈಯಲ್ಲಿ ಕಾಫಿ. ಮಗಳು ತನ್ನ ಅಮೆರಿಕನ್ ಕನ್ನಡದಲ್ಲಿ "ಮಾಮ, ನಂಗೆ ಸೆಲೆಕ್ಟ್ ಆಯ್ತು" ಅಂದಳು. ಅಣ್ಣ ತಲೆಯಾಡಿಸಿದ. ಲೋಟ ಕೆಳಗಿಟ್ಟ. ಇನ್ನೇನು ಫೋನು ಅತ್ತಿಗೆ ಕೈಗೆ ಕೊಡುತ್ತಾನೆ ಅಂದುಕೊಂಡೆ.

"ಪುಟ್ಟಿ, ಬೂಟು ಕೊಡ್ತಾರಲ್ಲ," ಅಂದ, "ಅದನ್ನ ಮೊದ್ಲು ಒಂದು ವಾರ ಮನೆ ಒಳ್ಗೇ ಹಾಕ್ಕಂಡು ಓಡಾಡು. ಎಲ್ಡು ಜೊತೆ ಸಾಕ್ಸ್ ಹಾಕು. ಇಲ್ದಿದ್ರೆ ಹಿಮ್ಮಡಿ ಕಿತ್ತೋಗುತ್ತೆ. ನಂಗೆ ಯಾರೂ ಹೇಳಿರಲಿಲ್ಲ."

ಮಗಳು ಆಗಲೇ ಬರೆದುಕೊಳ್ಳುತ್ತಿದ್ದಳು. "ಆಮೇಲೆ ಮಾಮ?" ಅಂದಳು.