ಒಂದು ಬ್ಯಾಟರಿ, ಎರಡು ಸಂಸಾರ

ಸಾಗರದವರು ಕರೆಂಟಿನ ಬಗ್ಗೆ ದೂರಿದ್ರೆ ಹೊರಗಿನವರು ನಗ್ತಾರೆ. ನಮ್ಮ ತಾಲೂಕಿನಲ್ಲೇ ಲಿಂಗನಮಕ್ಕಿ, ಆ ನೀರಿನಿಂದ ನಡೆಯೋ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವ್ಯಾಟ್. ಆದ್ರೂ ಆಷಾಢದ ಗಾಳಿಗೆ ಒಂದು ಅಕೇಶಿಯಾ ಕೊಂಬೆ ಲೈನ್ ಮೇಲೆ ಬಿತ್ತೋ, ನಮ್ಮನೇಲಿ ಮೇಣದಬತ್ತಿ ಹುಡುಕಾಟ. ದೀಪದ ಬುಡದಲ್ಲಿ ಕತ್ತಲೆ ಅಂತ ಸುಮ್ನೆ ಹೇಳಿಲ್ಲ ಹಿರಿಯರು :-)

ಕತ್ತಲೆ ನಮಗೆ ಅಭ್ಯಾಸ ಆಗಿದೆ. ಪಾಪ, ಹಾರ್ಡ್ ಡಿಸ್ಕಿಗೆ ಆಗಿಲ್ಲ. ನಮ್ಮನೆ ಮೂಲೇಲಿ ಎರಡು ಡಿಸ್ಕಿನ ಒಂದು ನ್ಯಾಸ್ ಪೆಟ್ಟಿಗೆ ಇದೆ, ಮನೆಮಂದಿಯ ಕಡತಗಳನ್ನೆಲ್ಲ ಕಾಯೋ ಪುಟ್ಟ ಸರ್ವರ್. ಎಲ್ಲರ ಫೋನಿನ ಫೋಟೋಗಳು, ಜಮೀನಿನ ಕಾಗದಗಳ ಸ್ಕ್ಯಾನ್, ಎಲ್ಲಕ್ಕಿಂತ ಹೆಚ್ಚಾಗಿ ಅಜ್ಜಿ ಹಾಡಿದ ಹಸೆ ಹಾಡುಗಳು. ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಇಳಿಸಿದ್ದು. ಕ್ಯಾಸೆಟ್ ಬೂಸ್ಟು ಹಿಡಿದು ಹೋಯ್ತು, ಅಜ್ಜಿಯೂ ಈಗಿಲ್ಲ. ಡಿಸ್ಕು ಬರೀತಾ ಇರುವಾಗಲೇ ಕರೆಂಟು ಕಿತ್ತುಕೊಂಡು ಹೋದ್ರೆ ಕಡತ ಅರ್ಧಕ್ಕೇ ನಿಲ್ಲಬಹುದು, ಕೆಲವೊಮ್ಮೆ ಕಡತಗಳ ಲೆಕ್ಕಪುಸ್ತಕವೇ ಕೆಡಬಹುದು.

"ಇನ್ವರ್ಟರ್ ಇದೆಯಲ್ಲೋ, ಇನ್ನೊಂದು ಡಬ್ಬ ಯಾಕೆ?" ಅಂತ ಅಪ್ಪ ಕೇಳಿದ್ರು. ನ್ಯಾಯವಾದ ಪ್ರಶ್ನೆ. ನಮ್ಮನೆ ಇನ್ವರ್ಟರಿಗೆ ಬ್ಯಾಟರಿ ದೊಡ್ಡದು, ಆದ್ರೆ ಬಾಯಿಲ್ಲ. ಬ್ಯಾಟರಿ ಮುಗೀತಾ ಬಂತು ಅಂತ ಅದು ಕಂಪ್ಯೂಟರಿಗೆ ಹೇಳೋದಿಲ್ಲ, ಸುಮ್ನೆ ಸಾಯುತ್ತೆ. ಹಿಂದೆ ಯುಎಸ್‌ಬಿ ಕಿಂಡಿ ಇರೋ ಯುಪಿಎಸ್ ಮಾತಾಡುತ್ತೆ. ಅಗ್ಗದ ಹಲವು ಮಾಡೆಲ್ಲುಗಳಲ್ಲಿ ಈ ಕಿಂಡಿಯೇ ಇರಲ್ಲ, ಕೊಳ್ಳೋ ಮುಂಚೆ ಪೆಟ್ಟಿಗೆ ತಿರುಗಿಸಿ ನೋಡಿ.

ತೊಡಕು ಏನಂದ್ರೆ ಕಿಂಡಿ ಒಂದೇ, ಕೇಳೋ ಕಿವಿ ಎರಡು: ಸರ್ವರ್ ಒಂದು, ಮಗಳ ಕಂಪ್ಯೂಟರ್ ಒಂದು. ಇದಕ್ಕೆ ನಟ್ ಅನ್ನೋ ಮುಕ್ತ ತಂತ್ರಾಂಶ ಇದೆ, ಪೂರ್ತಿ ಹೆಸರು ನೆಟ್‌ವರ್ಕ್ ಯುಪಿಎಸ್ ಟೂಲ್ಸ್. ಯುಎಸ್‌ಬಿ ವೈರು ಸರ್ವರಿಗೆ. ಸರ್ವರ್ ತಾನು ಕೇಳಿದ ಸುದ್ದೀನ ಮನೆಯ ನೆಟ್‌ವರ್ಕಿನಲ್ಲಿ, 3493ನೇ ಪೋರ್ಟಿನಲ್ಲಿ, ಕಂಪ್ಯೂಟರಿಗೆ ದಾಟಿಸುತ್ತೆ. ವೈರು ಹಿಡಿದವನು ಪ್ರೈಮರಿ, ಸುದ್ದಿ ಕೇಳೋನು ಸೆಕೆಂಡರಿ. ಸಿನಾಲಜಿ, ಕ್ಯೂನ್ಯಾಪ್ ಪೆಟ್ಟಿಗೆಗಳಲ್ಲಿ ಈ ಸೌಲಭ್ಯ ಒಳಗೇ ಇರುತ್ತೆ, ಯಾವ ಕಂಪ್ಯೂಟರಿಗೆ ಸುದ್ದಿ ಕೊಡಬೇಕು ಅಂತ ವಿಳಾಸ ತುಂಬಿದ್ರೆ ಆಯ್ತು. ಒಂದು ಮಾತು ನೆನಪಿರಲಿ: ರೂಟರಿಗೂ ಅದೇ ಯುಪಿಎಸ್‌ನಿಂದ ಕರೆಂಟು ಕೊಡಿ. ಅಂಚೆಯವನೇ ಮಲಗಿದ್ರೆ ಕಾಗದ ತಲುಪೋದು ಹೇಗೆ?

ಇನ್ನು ಲೆಕ್ಕ. ನಮ್ಮ ಯುಪಿಎಸ್ ಒಳಗೆ 12 ವೋಲ್ಟ್, 7 ಆಂಪಿಯರ್-ಅವರ್‌ನ ಎರಡು ಬ್ಯಾಟರಿ. ಒಟ್ಟು 168 ವ್ಯಾಟ್-ಅವರ್. ಸರ್ವರಿಗೆ ಸುಮಾರು 25 ವ್ಯಾಟ್, ರೂಟರಿಗೆ 10, ಪರದೆ ಸಮೇತ ಕಂಪ್ಯೂಟರಿಗೆ 120. ಕಾಗದದ ಮೇಲೆ ಒಂದು ಗಂಟೆ ದಾಟುತ್ತೆ. ಆದ್ರೆ ಸೀಸದ ಬ್ಯಾಟರೀನ ಬೇಗ ಬೇಗ ಹಿಂಡಿದ್ರೆ ಅದು ಪೂರ್ತಿ ಕೊಡೋದಿಲ್ಲ, ಡಿಸಿಯಿಂದ ಎಸಿ ಮಾಡೋದ್ರಲ್ಲೂ ಸೋರಿಕೆ. ಹಾಗಾಗಿ ಅರ್ಧ ಸಿಕ್ಕರೆ ಪುಣ್ಯ. ಕಂಪ್ಯೂಟರ್ ಒಂದು ಆಫ್ ಆದ್ರೆ ಹೊರೆ 155ರಿಂದ 35 ವ್ಯಾಟಿಗೆ ಇಳಿಯುತ್ತೆ, ಸರ್ವರ್ ಎಷ್ಟೋ ಪಟ್ಟು ಹೆಚ್ಚು ಹೊತ್ತು ಉಳಿಯುತ್ತೆ.

ಅದಕ್ಕೇ ಕಾನೂನು ಹೀಗೆ: ಕರೆಂಟು ಹೋದ ಐದು ನಿಮಿಷಕ್ಕೆ ಕಂಪ್ಯೂಟರ್ ಮಲಗಬೇಕು. ಬ್ಯಾಟರಿ ತಳ ಕಂಡಾಗ ಸರ್ವರ್. ಹೊಂದಿಸದೆ ಬಿಟ್ಟರೂ ನಟ್ ಸೆಕೆಂಡರಿಗಳನ್ನೇ ಮೊದಲು ಮಲಗಿಸುತ್ತೆ, ಆದ್ರೆ ಪ್ರೈಮರಿ ಅವರಿಗಾಗಿ ಕಾಯೋದು ಮಾಮೂಲಿಗೆ 15 ಸೆಕೆಂಡು ಮಾತ್ರ.

ಮಗಳಿಗೆ ಸಿಟ್ಟು ಬಂತು. "ಯಾವಾಗ್ಲೂ ನಾನೇ ಯಾಕಪ್ಪ ಮೊದ್ಲು ಏಳ್ಬೇಕು?" ನಾನು ಹಾಡಿನ ಕತೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ನಿದ್ದು, "ಮುತ್ತಜ್ಜಿ ಹಾಡು ಈ ಪೆಟ್ಟಿಗೇಲಿ ಬಿಟ್ರೆ ಇನ್ನೆಲ್ಲೂ ಇಲ್ವಾ?" ಅಂದ್ಲು. ಇದೆ. ಒಂದು ಪ್ರತಿ ಬೆಂಗಳೂರಲ್ಲಿ ತಂಗಿ ಮನೇಲಿದೆ, ಯಾಕಂದ್ರೆ ಯುಪಿಎಸ್ ಕಾಯೋದು ಕರೆಂಟಿನಿಂದ ಮಾತ್ರ. ಸಿಡಿಲು, ಕಳ್ಳ, ಸವೆದ ಡಿಸ್ಕು, ಇವುಗಳಿಂದಲ್ಲ. ಅವಳು ಒಪ್ಪಿದ್ಲು, ಆದ್ರೆ ಐದರ ಬದಲು ಎಂಟು ನಿಮಿಷ ಕೇಳಿದ್ಲು. ಕೊಟ್ಟೆ.

ಈಗ ಮೂರು ತಿಂಗಳಿಗೊಮ್ಮೆ, ಏನೂ ಬರೀತಾ ಇಲ್ಲದ ಹೊತ್ತಲ್ಲಿ, ಗೋಡೆಯ ಸ್ವಿಚ್ ಆರಿಸಿ ಎಲ್ಲ ಸಾಲಾಗಿ ಮಲಗ್ತವಾ ಅಂತ ನೋಡ್ತೀವಿ. ಮೂರು ವರ್ಷದ ಆಸುಪಾಸಿನಲ್ಲಿ ಬ್ಯಾಟರಿ ಸೊರಗುತ್ತೆ, ಅದು ಗೊತ್ತಾಗೋದು ಇಂಥ ಪರೀಕ್ಷೇಲೇ. ಲೇಸರ್ ಪ್ರಿಂಟರನ್ನು ಮಾತ್ರ ಈ ಪಂಕ್ತೀಲಿ ಕೂರಿಸಬೇಡಿ, ಒಂದೇ ಗುಟುಕಿಗೆ ಎಲ್ಲರ ಊಟ ಮುಗಿಸುತ್ತೆ.

ಇರೋದು ಒಂದೇ ಹಂಡೆ ನೀರು ಅಂದಾಗ ಯಾರು ಮೊದಲು, ಯಾರಿಗೆ ಎಷ್ಟು ಅಂತ ಕೂತು ಮಾತಾಡಿಕೊಳ್ಳೋದು ನಮ್ಮ ಮನೆಗಳಿಗೆ ಹೊಸದಲ್ಲ. ನಿಮ್ಮನೇಲಿ ಮೊದಲು ಏಳೋರು ಯಾರು?